ಎಡಗಡೆಯ ಬಿಳಿ ಆರು: ಮೆಜ್ಜೊ-ಸೊಪ್ರಾನೊ ಬೆಳೆಯುವ ಬಗೆ

ದೀಪಾವಳಿಗೆಂದು ಬೆಂಗಳೂರಿನಿಂದ ದಾವಣಗೆರೆಗೆ ಬಂದ ಅಕ್ಕನ ಮಗಳು ಹೆಗಲ ಚೀಲ ಇಳಿಸುವ ಮೊದಲೇ ಕೇಳಿದಳು: “ಚಿಕ್ಕಮ್ಮ, ಇಟಲಿಯ ಭಾಷೆಯಲ್ಲಿ ಮೆಜ್ಜೊ ಎಂದರೆ ಅರ್ಧವಂತೆ. ಹಾಗಾದರೆ ನಾನು ಅರ್ಧ ಗಾಯಕಿಯೇ?”

ಓದುವ ಕಡೆ ಅವಳು ಪಾಶ್ಚಾತ್ಯ ಸಂಗೀತದ ಗಾಯನವೃಂದವೊಂದನ್ನು ಸೇರಿಕೊಂಡಿದ್ದಾಳೆ. ದನಿ ಕೇಳಿ ನೋಡಿದವರು ಅವಳನ್ನು ಮೆಜ್ಜೊ-ಸೊಪ್ರಾನೊ, ಅಂದರೆ ಹೆಂಗಸರ ನಡುದನಿಯ ಸಾಲಿನಲ್ಲಿ ನಿಲ್ಲಿಸಿದರು. ಕೇಳುಗರು ಗುನುಗಿಕೊಂಡು ಮನೆಗೆ ಹೋಗುವ ಮೇಲಿನ ಧಾಟಿ ಸೊಪ್ರಾನೊ ಎಂಬ ಎತ್ತರದ ದನಿಯ ಹುಡುಗಿಯರ ಪಾಲು; ಅದರ ಕೆಳಗೆ ಒತ್ತಾಸೆಯಾಗಿ ನಿಲ್ಲುವ ಧಾಟಿ ಇವಳ ಪಾಲು. ಹುಡುಗಿಯ ಮುಖ ಸಪ್ಪಗಾಗಿತ್ತು.

ನಾನು ಈ ಊರಿನಲ್ಲಿ ಮೂವತ್ತು ವರ್ಷಗಳಿಂದ ಹಾರ್ಮೋನಿಯಂ ಮತ್ತು ಹಾಡುಗಾರಿಕೆ ಹೇಳಿಕೊಡುತ್ತಿದ್ದೇನೆ. ಒಪೆರಾ, ಅಂದರೆ ಹಾಡಿನಲ್ಲೇ ನಡೆಯುವ ಪಾಶ್ಚಾತ್ಯ ನಾಟಕ, ನಾನು ಗುರುಮುಖೇನ ಕಲಿತ ವಿದ್ಯೆಯಲ್ಲ, ಕೇಳಿ ಕೇಳಿ ಹಚ್ಚಿಕೊಂಡ ಪ್ರೀತಿ. “ಯುವ ಮೆಜ್ಜೊ ಗಾಯಕಿಯೊಬ್ಬಳು ಮೇಲೇರುತ್ತಿದ್ದಾಳೆ” ಎಂಬಂಥ ಸುದ್ದಿಯನ್ನು ಓದಿದಾಗ ಆ ಏರಿಕೆ ಎಂದರೆ ಏನು, ಯಾವ ಮೆಟ್ಟಿಲು ಯಾವುದರ ಮೇಲಿದೆ ಎಂಬುದು ನಮ್ಮಲ್ಲಿ ಹೆಚ್ಚಿನವರಿಗೆ ತಿಳಿಯುವುದಿಲ್ಲ. ಹಬ್ಬದ ನಾಲ್ಕು ದಿನ ಅವಳಿಗೆ ಬಿಡಿಸಿ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಎಲ್ಲಕ್ಕೂ ಮೂಲ ಒಂದು ವ್ಯತ್ಯಾಸ. ನಮ್ಮಲ್ಲಿ ಶ್ರುತಿ ಕೊರಳನ್ನು ಹುಡುಕಿಕೊಂಡು ಬರುತ್ತದೆ; ಅಲ್ಲಿ ಕೊರಳು ಶ್ರುತಿಯನ್ನು ಹುಡುಕಿಕೊಂಡು ಹೋಗಬೇಕು. ಒಂದೇ ಕೀರ್ತನೆಯನ್ನು ಗಂಡಸು ಒಂದು ಮನೆ ಶ್ರುತಿಯಲ್ಲಿ (ಮನೆಯೆಂದರೆ ಹಾರ್ಮೋನಿಯಂನ ಕೀಲಿ) ಹಾಡುತ್ತಾನೆ, ಹೆಂಗಸು ಐದು ಮನೆಯಲ್ಲಿ ಹಾಡುತ್ತಾಳೆ, ಯಾರೂ ಆಕ್ಷೇಪಿಸುವುದಿಲ್ಲ. ಗಂಗೂಬಾಯಿ ಹಾನಗಲ್ ಅವರ ದನಿ ಗಂಟಲಿನ ಚಿಕಿತ್ಸೆಯ ನಂತರ ಗಂಡಸರ ದನಿಯಷ್ಟು ಕೆಳಗಿಳಿಯಿತು. ಅವರು ಆ ದನಿಗೆ ತಕ್ಕಂತೆ ಹಾಡಿದರು, ಆ ದನಿಯಿಂದಲೇ ದೇಶಕ್ಕೆಲ್ಲ ಪರಿಚಿತರಾದರು. ಒಪೆರಾದಲ್ಲಿ ಇದಕ್ಕೆ ಎಡೆ ತೀರ ಕಡಿಮೆ. ಸಂಗೀತ ಬರೆದವನು ತೀರಿಹೋಗಿ ನೂರಿನ್ನೂರು ವರ್ಷಗಳಾಗಿದ್ದರೂ ಯಾವ ಸ್ವರ ಎಷ್ಟು ಎತ್ತರದಲ್ಲಿರಬೇಕು ಎಂಬುದನ್ನು ಕಾಗದದ ಮೇಲೆ ಖಚಿತವಾಗಿ ಬರೆದಿಟ್ಟು ಹೋಗಿದ್ದಾನೆ. ವೇದಿಕೆಯ ಮುಂದಿನ ತಗ್ಗಿನಲ್ಲಿ ಕುಳಿತ ಐವತ್ತು ಅರವತ್ತು ವಾದ್ಯಗಾರರು ಅದೇ ಎತ್ತರಕ್ಕೆ ನುಡಿಸುತ್ತಾರೆ. ಒಬ್ಬ ಗಾಯಕಿಗಾಗಿ ಅವರೆಲ್ಲ ಕೆಳಗಿಳಿದು ಬರುವುದಿಲ್ಲ. ಆದ್ದರಿಂದ ಪಾತ್ರಕ್ಕೆ ಹೊಂದುವ ಕೊರಳನ್ನೇ ತರಬೇಕಾಗುತ್ತದೆ. ಕೊರಳುಗಳನ್ನು ಹೆಸರಿಟ್ಟು ವಿಂಗಡಿಸುವ ಅಗತ್ಯ ಹುಟ್ಟಿದ್ದು ಅಲ್ಲಿಂದ.

ಹಾರ್ಮೋನಿಯಂ ಮುಂದೆ ಕುಳ್ಳಿರಿಸಿ ಅವಳಿಗೆ ತೋರಿಸಿದೆ. ಎಡಗಡೆಯ ಸಪ್ತಕದ ಬಿಳಿ ಆರನ್ನು, ಅಂದರೆ ಆರನೆಯ ಬಿಳಿ ಮನೆಯನ್ನು ಒತ್ತಿದರೆ ಸೆಕೆಂಡಿಗೆ ಸುಮಾರು 220 ಕಂಪನ. ಅಲ್ಲಿಂದ ಎರಡು ಸಪ್ತಕ ದಾಟಿ ಬಲಗಡೆಯ ಬಿಳಿ ಆರಕ್ಕೆ ಬಂದರೆ 880. ಮೆಜ್ಜೊ-ಸೊಪ್ರಾನೊ ಓಡಾಡುವ ಅಂಗಳ ಹೆಚ್ಚುಕಡಿಮೆ ಇಷ್ಟು. ಸೊಪ್ರಾನೊ ನಡುವಿನ ಬಿಳಿ ಒಂದರಿಂದ ಹೊರಟು ಎರಡು ಸಪ್ತಕ ಮೇಲೆ, ಸಾವಿರ ಕಂಪನ ದಾಟಿದ ಬಿಳಿ ಒಂದನ್ನು ಮುಟ್ಟುತ್ತಾಳೆ. ಕಾಂಟ್ರಾಲ್ಟೊ ಎಂಬ ಅಪರೂಪದ ದನಿ ಮೆಜ್ಜೊಗಿಂತಲೂ ಕೆಳಗೆ, ಎಡಗಡೆಯ ಬಿಳಿ ನಾಲ್ಕರಿಂದ ಶುರುವಾಗುತ್ತದೆ.

“ಮೇಲಿನ ಬಿಳಿ ಒಂದನ್ನು ನಾನೂ ಮುಟ್ಟುತ್ತೇನೆ” ಎಂದು ಹಾಡಿಯೇ ತೋರಿಸಿದಳು. ಮುಟ್ಟಿದ್ದು ನಿಜ. ಆದರೆ ಮುಟ್ಟಿ ಬರುವುದು ಬೇರೆ, ಅಲ್ಲಿ ಸಂಸಾರ ಹೂಡುವುದು ಬೇರೆ. ಒಂದು ಪಾತ್ರ ಮೂರು ಗಂಟೆಯಲ್ಲಿ ಹೆಚ್ಚು ಹೊತ್ತು ಯಾವ ಸ್ವರಗಳ ನಡುವೆ ನೆಲೆಸಿರುತ್ತದೆ ಎಂಬುದಕ್ಕೆ ಅವರಲ್ಲಿ ಟೆಸ್ಸಿತೂರಾ ಎಂಬ ಪದವಿದೆ. ಕೊರಳಿನ ಜಾತಿಯನ್ನು ನಿರ್ಧರಿಸುವಾಗ ತುತ್ತತುದಿಯ ಸ್ವರಕ್ಕಿಂತ ಈ ನೆಲೆಗೇ ಹೆಚ್ಚು ತೂಕ. ಎದೆಯ ದನಿಯಿಂದ ತಲೆಯ ದನಿಗೆ ದಾಟುವ ಹೊಸಿಲು ಎಲ್ಲಿದೆ, ನಡುವಿನ ಸ್ವರಗಳ ಬಣ್ಣ ಎಷ್ಟು ಗಾಢ ಎಂಬುದನ್ನೂ ನೋಡುತ್ತಾರೆ. ಮೆಜ್ಜೊ ಎಂಬ ಪದಕ್ಕೆ ಅರ್ಧ ಎಂಬ ಅರ್ಥವಿದೆ, ನಡು ಎಂಬ ಅರ್ಥವೂ ಇದೆ. ಇಟಲಿಯವರು ನಡುಹಗಲಿಗೂ ಇದೇ ಪದ ಬಳಸುತ್ತಾರೆ. ನಡುಹಗಲನ್ನು ಯಾರೂ ಅರ್ಧ ಹಗಲು ಎಂದು ಹಳಿಯುವುದಿಲ್ಲವಲ್ಲ.

ಎರಡನೆಯ ಸಂಗತಿ ಇನ್ನೂ ಮುಖ್ಯವಾದದ್ದು. ಒಪೆರಾ ಮನೆಯಲ್ಲಿ ಮೈಕ್ ಇಲ್ಲ. ಎರಡು ಮೂರು ಸಾವಿರ ಜನರ ಸಭಾಂಗಣದಲ್ಲಿ, ಇಡೀ ವಾದ್ಯವೃಂದದ ಮೇಲೆ ಹಾಯ್ದು, ಕೊನೆಯ ಸಾಲಿನವರಿಗೆ ಪದ ಕೇಳಿಸಬೇಕು. ಇದು ಹೇಗೆ ಸಾಧ್ಯ ಎಂಬುದಕ್ಕೆ ನನಗೆ ಉದಾಹರಣೆ ಸಿಕ್ಕಿದ್ದು ನಮ್ಮೂರಿನ ಮಂಡಕ್ಕಿ ಭಟ್ಟಿಯಲ್ಲಿ. ಹಬ್ಬದ ಮರುದಿನ ಮಂಡಕ್ಕಿ ತರಲು ಇಬ್ಬರೂ ಹೋಗಿದ್ದೆವು. ಒಲೆಗೆ ಗಾಳಿ ಊದುವ ಯಂತ್ರದ ಗುಂಯ್ ಸದ್ದು, ಕಾದ ಮರಳಿನಲ್ಲಿ ಅಕ್ಕಿ ಅರಳುವ ಚಟಪಟ, ಜರಡಿಯ ಗರಗರ. ಪಕ್ಕದಲ್ಲೇ ನಿಂತ ಗಂಡಸು ದಪ್ಪ ದನಿಯಲ್ಲಿ ಹೇಳಿದ್ದು ನಮಗೆ ಅರ್ಥವಾಗಲಿಲ್ಲ. ಅದೇ ಹೊತ್ತಿಗೆ ಆಚೆ ಕೊನೆಯಲ್ಲಿ ಚೀಲ ಹೊಲಿಯುತ್ತಿದ್ದ ಹೆಂಗಸು ಮಗನನ್ನು ಕೂಗಿದಳು. ಅವಳು ಅರಚಲಿಲ್ಲ. ದನಿಗೆ ಕಂಚಿನ ಅಂಚಿನಂಥದ್ದೊಂದು ಇತ್ತು. ಎಲ್ಲ ಸದ್ದನ್ನೂ ಸೀಳಿಕೊಂಡು ಆ ಕೂಗು ಬೀದಿಯವರೆಗೆ ಹೋಯಿತು, ಹುಡುಗ ಓಡಿ ಬಂದ.

ಗುಟ್ಟು ಜೋರಿನಲ್ಲಿಲ್ಲ, ಜಾಗದಲ್ಲಿದೆ. ವಾದ್ಯವೃಂದದ ಸದ್ದು ಸುಮಾರು 500 ಕಂಪನಗಳ ಸುತ್ತ ದಟ್ಟವಾಗಿರುತ್ತದೆ, ಮೇಲೆ ಹೋದಂತೆ ತೆಳ್ಳಗಾಗುತ್ತದೆ. ಪಳಗಿದ ಒಪೆರಾ ಕಂಠದಲ್ಲಿ ಮೂಲ ಸ್ವರದ ಜೊತೆಗೆ 3000 ಕಂಪನಗಳ ಆಸುಪಾಸಿನಲ್ಲಿ ಒಂದು ವಿಶೇಷ ಹೊಳಪು ಕೂಡಿಕೊಳ್ಳುತ್ತದೆ. ವಾದ್ಯಗಳು ಖಾಲಿ ಬಿಟ್ಟ ಜಾಗ ಅದು. ಮನುಷ್ಯನ ಕಿವಿ ಅತಿ ಚುರುಕಾಗಿರುವ ಜಾಗವೂ ಹೌದು. ಸ್ವೀಡನ್ನಿನ ವಿಜ್ಞಾನಿ ಯೋಹಾನ್ ಸುಂಡ್‌ಬರ್ಗ್ 1970ರ ದಶಕದಲ್ಲಿ ಇದನ್ನು ಅಳೆದು ವಿವರಿಸಿದರು. ಗಂಡಸರ ದನಿಯಲ್ಲೂ ಹೆಂಗಸರ ಕೆಳದನಿಯಲ್ಲೂ ಈ ಹೊಳಪಿಗೆ ಹೆಚ್ಚು ಕೆಲಸ. ಎತ್ತರದ ಸೊಪ್ರಾನೊಗೆ ಅದರ ಹಂಗು ಕಡಿಮೆ, ಏಕೆಂದರೆ ಅವಳ ಸ್ವರವೇ ವಾದ್ಯಗಳ ದಟ್ಟಣೆಯನ್ನು ದಾಟಿ ಮೇಲೆ ಹಾರುತ್ತದೆ. ಮೆಜ್ಜೊ ಹಾಡುವುದು ಆ ದಟ್ಟಣೆಯ ಒಳಗೇ. ಪಿಟೀಲು, ಕ್ಲಾರಿನೆಟ್, ಹಾರ್ನ್ ಎಲ್ಲವೂ ಅವಳ ಮನೆಯಲ್ಲೇ ವಾಸ. ಅವುಗಳ ನಡುವೆ ಮುಳುಗದೆ ಕೇಳಿಸಬೇಕು, ಆದರೆ ಒತ್ತಿ ಕಿರುಚಬಾರದು. ಇದು ಒಂದೆರಡು ವರ್ಷದಲ್ಲಿ ಕೈಗೂಡುವ ವಿದ್ಯೆಯಲ್ಲ. ಮೆಜ್ಜೊ ಗಾಯಕಿ ನಿಧಾನವಾಗಿ ಹಣ್ಣಾಗುವುದಕ್ಕೆ ಕಾರಣ ಇಲ್ಲೇ ಇದೆ.

ಇನ್ನು ಪಾತ್ರಗಳು. ಮೆಜ್ಜೊಗಾಗಿ ಬರೆದ ಪಾತ್ರಗಳೆಂದರೆ ತಾಯಿ, ದಾಸಿ, ಸವತಿ, ಮಾಟಗಾತಿ, ಮೋಹಿನಿ, ಇವುಗಳ ಜೊತೆಗೆ ಗಂಡುಹುಡುಗ. ಕೊನೆಯದು ನಮ್ಮವರಿಗೆ ವಿಚಿತ್ರವೆನಿಸಬಹುದು. ಮೊಜಾರ್ಟ್‌ನ 1786ರ ‘ಫಿಗರೋನ ಮದುವೆ’ಯಲ್ಲಿ ಕೆರುಬೀನೊ ಎಂಬ ಹರೆಯದ ಹುಡುಗನಿದ್ದಾನೆ, ಅವನನ್ನು ಹಾಡುವವಳು ಹೆಂಗಸು. ದನಿ ಇನ್ನೂ ಒಡೆಯದ ಹುಡುಗನ ಸ್ವರ ಪಳಗಿದ ಹೆಂಗಸಿನ ಕೊರಳಲ್ಲಿ ಚೆನ್ನಾಗಿ ಸಿಗುತ್ತದೆ. ಇದಕ್ಕೆ ಇನ್ನೊಂದು, ಕರುಳು ಹಿಂಡುವ ಹಿನ್ನೆಲೆಯೂ ಇದೆ. 17 ಮತ್ತು 18ನೇ ಶತಮಾನದ ಇಟಲಿಯಲ್ಲಿ ಚೆನ್ನಾಗಿ ಹಾಡುವ ಹುಡುಗರ ದನಿ ಒಡೆಯದಿರಲೆಂದು ಬಾಲ್ಯದಲ್ಲೇ ಬೀಜ ತೆಗೆಯುತ್ತಿದ್ದರು. ಶೂರರ, ಅರಸರ ಪಾತ್ರಗಳನ್ನು ಅಂಥ ಗಾಯಕರಿಗಾಗಿ ಬರೆಯುತ್ತಿದ್ದರು. ಹೆಂಡೆಲ್‌ನ 1724ರ ಜೂಲಿಯಸ್ ಸೀಸರ್ ಪಾತ್ರ ಹಾಗೆ ಹುಟ್ಟಿದ್ದು. ಆ ಕ್ರೂರ ಪದ್ಧತಿ ಅಳಿಯಿತು, ಪಾತ್ರಗಳು ಉಳಿದವು. ಇಂದು ಅವುಗಳಲ್ಲಿ ಹಲವನ್ನು ಮೆಜ್ಜೊ ಗಾಯಕಿಯರೇ ಹಾಡುತ್ತಾರೆ. ನಮ್ಮ ವೃತ್ತಿ ರಂಗಭೂಮಿಯನ್ನು ಬಲ್ಲವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಹೆಂಗಸರದೇ ನಾಟಕ ಮಂಡಳಿ ಕಟ್ಟಿದ ಆರ್. ನಾಗರತ್ನಮ್ಮ ಕಂಸನಾಗಿ, ರಾವಣನಾಗಿ ರಂಗಕ್ಕೆ ಬಂದರೆ ಸಭೆ ನಡುಗುತ್ತಿತ್ತು.

ಮೆಜ್ಜೊ ಪಾತ್ರಗಳಲ್ಲೆಲ್ಲ ಹೆಸರುವಾಸಿ ಕಾರ್ಮೆನ್. ಫ್ರಾನ್ಸಿನ ಬಿಜೆ ಬರೆದ ಇದೇ ಹೆಸರಿನ ಒಪೆರಾ 1875ರ ಮಾರ್ಚ್ 3ರಂದು ಪ್ಯಾರಿಸ್ಸಿನಲ್ಲಿ ರಂಗಕ್ಕೆ ಬಂತು, ಸರಿಯಾಗಿ ಮೂರು ತಿಂಗಳಿಗೆ ಬಿಜೆ ತೀರಿಕೊಂಡರು. ಆಗ ಅವರಿಗೆ 36 ವರ್ಷ. ಕಾರ್ಮೆನ್ ಮೊದಲ ಬಾರಿ ರಂಗಕ್ಕೆ ಬಂದಾಗ ಹಾಡುವ ಹಬನೇರಾ ಎಂಬ ಹಾಡನ್ನು ಬಿಜೆ ಆ ಪಾತ್ರದ ಮೊದಲ ಗಾಯಕಿ ಸೆಲೆಸ್ಟೀನ್ ಗಲ್ಲಿ-ಮಾರಿಯೆಗೆ ಒಪ್ಪುವಂತೆ ಮತ್ತೆ ಮತ್ತೆ ತಿದ್ದಿ ಬರೆದರು. ಅದರ ಮೊದಲ ಸಾಲನ್ನು ಅಕ್ಕನ ಮಗಳಿಗೆ ಹಾರ್ಮೋನಿಯಂನಲ್ಲಿ ನುಡಿಸಿ ತೋರಿಸಿದೆ. ಬಿಳಿ ಎರಡರಿಂದ ಹೊರಟು ಕರಿ ಬಿಳಿ ಒಂದನ್ನೂ ಬಿಡದೆ ಸ್ವರ ಜಾರುತ್ತ ಇಳಿಯುತ್ತದೆ. ನಮ್ಮ ರಾಗಗಳಲ್ಲಿ ಸಾಲುಸಾಲಾಗಿ ಹೀಗೆ ಎಲ್ಲ ಮನೆಗಳನ್ನೂ ಮುಟ್ಟುವುದು ಅಪರೂಪ. ನನ್ನ ಬೆರಳುಗಳಿಗೇ ಮೊದಮೊದಲು ಒಗ್ಗಿರಲಿಲ್ಲ. ಅವಳು ನಾಲ್ಕನೆಯ ಸಲಕ್ಕೆ ಹಿಡಿದಳು. ಇಳಿಯುತ್ತ ಇಳಿಯುತ್ತ ದನಿ ಗಾಢವಾಯಿತು, ಬೆಲ್ಲದ ಪಾಕ ಎಳೆಗೆ ಬಂದಂತೆ. ಸೊಪ್ರಾನೊ ಹುಡುಗಿಯರ ದನಿ ತೆಳ್ಳಗಾಗುವ ಕಡೆ ಇವಳ ದನಿ ತುಂಬಿಕೊಳ್ಳುತ್ತಿತ್ತು. ಆ ಹಾಡಿನಲ್ಲಿ ಗಗನಕ್ಕೇರುವ ಸ್ವರ ಒಂದೂ ಇಲ್ಲ ಎಂದು ಹೇಳಿದಾಗ ಮೊದಲ ಸಲ ನಕ್ಕಳು.

ಈಗ ಏರುದಾರಿಯ ಮಾತು. ಯುವ ಗಾಯಕಿಯೊಬ್ಬಳ ಪರಿಚಯವನ್ನು ಓದುವಾಗ ಒಪೆರಾ ಮನೆಗಳ ಹೆಸರಿಗಿಂತ ಪಾತ್ರಗಳ ಅನುಕ್ರಮವನ್ನು ನೋಡಬೇಕು ಎಂಬುದು ನನ್ನ ಅಭಿಪ್ರಾಯ. ಸಂಗೀತ ಶಾಲೆ ಮುಗಿಸಿದವರಲ್ಲಿ ಕೆಲವರನ್ನು ದೊಡ್ಡ ಒಪೆರಾ ಮನೆಗಳು ಯುವ ಕಲಾವಿದರ ತರಬೇತಿಗೆ ಆರಿಸಿಕೊಳ್ಳುತ್ತವೆ. ಅಲ್ಲಿ ಸಿಗುವುದು ನಾಲ್ಕು ಸಾಲಿನ ದಾಸಿಯ ಪಾತ್ರ, ಗೆಳತಿಯ ಪಾತ್ರ. ಜೊತೆಗೆ ದೊಡ್ಡ ಪಾತ್ರವೊಂದಕ್ಕೆ ಬದಲಿಯಾಗಿ ತಯಾರಾಗಿರುವ ಕೆಲಸ: ಇಡೀ ಪಾತ್ರವನ್ನು ಕಂಠಪಾಠ ಮಾಡಿ, ಮುಖ್ಯ ಗಾಯಕಿಗೆ ಜ್ವರ ಬಂದರೆ ಬಣ್ಣ ಹಚ್ಚಲು ಸಿದ್ಧಳಾಗಿ ಕಾಯುವುದು. ಬಹಳ ಸಲ ಆ ಕರೆ ಬರುವುದೇ ಇಲ್ಲ. ನಂತರ ಕೆರುಬೀನೊನಂಥ ಹಗುರ ಪಾತ್ರಗಳು. ಕೊರಳು ಚುರುಕಾಗಿ ಓಡುವುದಾದರೆ ರೊಸ್ಸೀನಿಯ 1816ರ ‘ಸೆವಿಲ್ಲೆಯ ಕ್ಷೌರಿಕ’ದ ರೊಸೀನಾ. ಕಾರ್ಮೆನ್ ಆಮೇಲೆ. ವೆರ್ದಿಯ ‘ಐದಾ’ದಲ್ಲಿ ಬರುವ ರಾಜಕುಮಾರಿ ಅಮ್ನೆರಿಸ್‌ನಂಥ ಭಾರದ ಪಾತ್ರಗಳು ಸಾಮಾನ್ಯವಾಗಿ ಮೂವತ್ತೈದು ದಾಟಿದ ಮೇಲೆ.

ಜರ್ಮನಿಯಲ್ಲಿ ಇನ್ನೊಂದು ದಾರಿಯಿದೆ. ಅಲ್ಲಿ ಎಂಬತ್ತರ ಆಸುಪಾಸಿನಷ್ಟು ಒಪೆರಾ ಮನೆಗಳಿವೆ. ಬಹುಪಾಲು ಮನೆಗಳು ಸಂಬಳ ಕೊಟ್ಟು ಗಾಯಕರ ತಂಡವನ್ನು ಇಟ್ಟುಕೊಳ್ಳುತ್ತವೆ. ಕರಾರು ಆಗುವುದು ಕೊರಳಿನ ಜಾತಿಯ ಮೇಲೆ; ಆ ಜಾತಿಗೆ ‘ಫಾಖ್’ ಎನ್ನುತ್ತಾರೆ. ಚಿತ್ರದುರ್ಗ ಜಿಲ್ಲೆಯ ಸಾಣೇಹಳ್ಳಿಯ ಶಿವಸಂಚಾರ ತಂಡದವರು ವರ್ಷವೂ ಮೂರು ನಾಟಕ ಕಟ್ಟಿಕೊಂಡು ಊರೂರು ತಿರುಗುತ್ತಾರಲ್ಲ, ಇವತ್ತು ಅರಸಿ, ನಾಳೆ ಮೇಳದಲ್ಲಿ ಒಬ್ಬಳು. ಜರ್ಮನಿಯ ಆ ಗಾಯಕರ ಬದುಕೂ ಹೆಚ್ಚುಕಡಿಮೆ ಹಾಗೆಯೇ. ನಮ್ಮ ದಾವಣಗೆರೆಯ ಚಿಂದೋಡಿ ಮನೆತನದ ಕೆ.ಬಿ.ಆರ್. ಡ್ರಾಮಾ ಕಂಪನಿಯಲ್ಲಿ ಬೆಳೆದ ನಟಿಯರಿಗೂ ಅದೇ ಪಾಠಶಾಲೆಯಾಗಿತ್ತು.

ಕೆಲವರು ಬೇಗ ಏರುತ್ತಾರೆ. ರಷ್ಯಾದ ಬಾಷ್ಕೊರ್ತೊಸ್ತಾನದ ಹಳ್ಳಿಯೊಂದರಲ್ಲಿ 1996ರಲ್ಲಿ ಹುಟ್ಟಿದ ಐಗುಲ್ ಅಖ್ಮೆತ್‌ಶಿನಾ 2017ರಲ್ಲಿ ಲಂಡನ್ನಿನ ರಾಯಲ್ ಒಪೆರಾದ ಯುವ ಕಲಾವಿದರ ತರಬೇತಿಗೆ ಸೇರಿದಳು. 21ನೇ ವಯಸ್ಸಿಗೇ ಆ ವೇದಿಕೆಯಲ್ಲಿ ಕಾರ್ಮೆನ್ ಹಾಡಿದಳು. 2023ರ ಡಿಸೆಂಬರ್ 31ರ ರಾತ್ರಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾದ ಹೊಸ ‘ಕಾರ್ಮೆನ್’ನಲ್ಲಿ ಅವಳೇ ನಾಯಕಿ. ಕೇಳಿದರೆ ಮೈ ಜುಮ್ಮೆನ್ನುತ್ತದೆ. ಆದರೆ ಆ ವೇಗ ಎಲ್ಲ ಕೊರಳಿಗೂ ಒಪ್ಪುವಂಥದ್ದಲ್ಲ. ಇಪ್ಪತ್ತೈದರ ಹುಡುಗಿಗೆ ಭಾರದ ಪಾತ್ರವೊಂದು ಬಂದಾಗ “ಈಗ ಬೇಡ” ಎನ್ನುವ ಗಟ್ಟಿತನ ಇದ್ದರೆ ಅವಳು ನಲವತ್ತೈದರಲ್ಲೂ ಹಾಡುತ್ತಿರುತ್ತಾಳೆ.

ಇದನ್ನು ನಾನು ಪುಸ್ತಕ ಓದಿ ಹೇಳುತ್ತಿಲ್ಲ. ನನ್ನದೂ ಕೆಳದನಿ. ಹದಿನೇಳನೆಯ ವಯಸ್ಸಿನಲ್ಲಿ ನನಗೆ ಕಲಿಸುತ್ತಿದ್ದವರು ಹೆಣ್ಣುಮಕ್ಕಳು ಐದೂವರೆ ಮನೆಗೆ ಹಾಡಲೇಬೇಕು ಎಂದು ಹಟ ಹಿಡಿದರು. ಎರಡು ವರ್ಷ ಎಳೆದೆ. ಒಂದು ಬೆಳಿಗ್ಗೆ ಎದ್ದಾಗ ಮಧ್ಯಮದಿಂದ ಮೇಲೆ ದನಿಯೇ ಹೊರಡಲಿಲ್ಲ, ಗಾಳಿ ಮಾತ್ರ ಬಂತು. ಸ್ವರತಂತುಗಳ ಮೇಲೆ ಗಂಟು ಎಂದರು ವೈದ್ಯರು. ನೇಗಿಲು ಹಿಡಿದ ಅಂಗೈಯಲ್ಲಿ ಕಾಯಿ ಕಟ್ಟುತ್ತದಲ್ಲ, ಹಾಗೆ. ನಡುವಿನ ಬಿಳಿ ಆರನ್ನು ಹಾಡುವಾಗ ಆ ಎರಡು ಪುಟ್ಟ ತಂತುಗಳು ಸೆಕೆಂಡಿಗೆ 440 ಸಲ ಒಂದಕ್ಕೊಂದು ತಾಗುತ್ತವೆ. ಒತ್ತಡ ಹಾಕಿ ದಿನಕ್ಕೆ ಮೂರು ಗಂಟೆ ಹಾಡಿದರೆ ಏನಾಗಬಹುದು ಎಂದು ಆಗ ಯಾರೂ ನನಗೆ ಹೇಳಲಿಲ್ಲ. ಆರು ತಿಂಗಳು ಮೌನ. ದನಿ ಮರಳಿತು, ಆದರೆ ಮೊದಲಿನಂತೆ ಆಗಲಿಲ್ಲ. ಅಕ್ಕನ ಮಗಳನ್ನು ಮೆಜ್ಜೊ ಸಾಲಿನಲ್ಲಿ ನಿಲ್ಲಿಸಿದವರಿಗೆ ನಾನು ಮನಸ್ಸಿನಲ್ಲೇ ಕೈಮುಗಿದೆ.

ಮೆಜ್ಜೊ ಗಾಯಕಿಯ ಬದುಕಿನ ಇನ್ನರ್ಧ ಕಛೇರಿ ವೇದಿಕೆಯಲ್ಲಿದೆ. ಇಲ್ಲಿ ವೇಷವಿಲ್ಲ, ಓಡಾಟವಿಲ್ಲ. ವಾದ್ಯವೃಂದ ತಗ್ಗಿನಲ್ಲಿ ಇರುವುದಿಲ್ಲ, ಬೆನ್ನ ಹಿಂದೆಯೇ ಕುಳಿತಿರುತ್ತದೆ. ಒಪೆರಾಗೆ ಐದಾರು ವಾರ ತಾಲೀಮು ನಡೆದರೆ ಇಲ್ಲಿ ಎರಡು ಮೂರು ದಿನ. ಯೇಸುವಿನ ಕುರಿತು ಹೆಂಡೆಲ್ ಬರೆದ ‘ಮೆಸಾಯ’ ಇಂಥ ಕೃತಿಗಳಲ್ಲಿ ಹೆಚ್ಚು ಹಾಡಿಸಿಕೊಂಡದ್ದು. 1742ರ ಏಪ್ರಿಲ್ 13ರಂದು ಡಬ್ಲಿನ್‌ನಲ್ಲಿ ಅದು ಮೊದಲ ಸಲ ನಡೆದಾಗ ಕೆಳದನಿಯ ಶೋಕಗೀತೆಯನ್ನು ಹಾಡಿದವಳು ಸುಸಾನಾ ಸಿಬ್ಬರ್. ನಾಟಕದ ನಟಿಯೆಂದೇ ಹೆಚ್ಚು ಹೆಸರಾಗಿದ್ದವಳು, ದೊಡ್ಡ ಕಂಠದವಳಲ್ಲ. ಪದಕ್ಕೆ ಜೀವ ತುಂಬುವ ಶಕ್ತಿಯಿಂದ ಸಭೆಯನ್ನು ಗೆದ್ದಳು. ಸತ್ತವರಿಗಾಗಿ ಹಾಡುವ ಪ್ರಾರ್ಥನೆಯಾದ 1874ರ ವೆರ್ದಿಯ ‘ರಿಕ್ವಿಯಂ’ನಲ್ಲೂ ಮೆಜ್ಜೊಗೆ ದೊಡ್ಡ ಪಾಲಿದೆ. ಪಿಯಾನೊ ಒಂದನ್ನೇ ಇಟ್ಟುಕೊಂಡು ಹಾಡುವ ಬಿಡಿ ಹಾಡುಗಳ ಕಛೇರಿಯಲ್ಲಿ ಮಾತ್ರ ನಮ್ಮಂತೆ ಶ್ರುತಿ ಇಳಿಸಿಕೊಳ್ಳುವ ಸ್ವಾತಂತ್ರ್ಯವುಂಟು.

ನನಗೆ ಅತಿ ಪ್ರಿಯವಾದದ್ದು ಮಾಲರ್ ಬರೆದ ಎರಡನೆಯ ಸಿಂಫನಿ, ಅಂದರೆ ವಾದ್ಯವೃಂದದ ದೀರ್ಘ ಕೃತಿ. 1895ರಲ್ಲಿ ಬರ್ಲಿನ್‌ನಲ್ಲಿ ಪೂರ್ತಿಯಾಗಿ ಮೊದಲು ನುಡಿಸಿದ್ದು. ಅದರ ಮೊದಲ ಮೂರು ಭಾಗಗಳು ಮುಗಿಯಲು ಸುಮಾರು ನಲವತ್ತು ನಿಮಿಷ ಬೇಕು. ಆ ಹೊತ್ತೆಲ್ಲ ವಾದ್ಯಗಳು ಗುಡುಗುತ್ತವೆ, ಗಾಯಕಿಗೆ ಹಾಡಲು ಒಂದು ಸ್ವರವೂ ಇಲ್ಲ. ಮೂರನೆಯ ಭಾಗದ ಸದ್ದು ಆರುತ್ತಿದ್ದಂತೆ ಅವಳು ಎದ್ದು ನಿಂತಿರುತ್ತಾಳೆ. ವಾದ್ಯಗಳ ಪೀಠಿಕೆಯೇನೂ ಇಲ್ಲದೆ, ಗುಲಾಬಿ ಹೂವನ್ನು ಕರೆಯುವ ಮೂರು ಪದಗಳನ್ನು ಅತಿ ಮೆಲ್ಲಗೆ ಹಾಡುತ್ತಾಳೆ. ಆ ಭಾಗ ಐದೇ ನಿಮಿಷ. ತಣ್ಣಗಾದ ಕೊರಳಿನಿಂದ, ಪಿಸುಮಾತಿನಷ್ಟು ಸಣ್ಣದಾಗಿ, ಆದರೆ ಕೊನೆಯ ಸಾಲಿಗೂ ಕೇಳುವಂತೆ. ಗಾಯಕಿಯ ಏರಿಕೆಯನ್ನು ಅಳೆಯಲು ನನಗೆ ಈ ಐದು ನಿಮಿಷ ಸಾಕು.

ರಂಗದ ಮೇಲಿನ ಎದೆಗಾರಿಕೆಯ ಕಥೆ ಬೇರೆ. ಅಮೆರಿಕದ ಮೆಜ್ಜೊ ಜಾಯ್ಸ್ ಡಿಡೊನಾಟೊ 2009ರಲ್ಲಿ ಲಂಡನ್ನಿನಲ್ಲಿ ರೊಸೀನಾ ಹಾಡುವಾಗ ವೇದಿಕೆಯಲ್ಲೇ ಬಿದ್ದು ಕಾಲಿನ ಮೂಳೆ ಮುರಿದುಕೊಂಡರು. ಆ ರಾತ್ರಿ ಊರುಗೋಲು ಹಿಡಿದು ಆಟ ಮುಗಿಸಿದರು, ಮುಂದಿನ ಆಟಗಳನ್ನು ಗಾಲಿಕುರ್ಚಿಯಲ್ಲಿ ಕುಳಿತು ಹಾಡಿದರು. ಕಂಪನಿ ನಾಟಕದ ಹಿರಿಯರು ಕೇಳಿದ್ದರೆ “ನಮ್ಮ ಪೈಕಿ” ಎನ್ನುತ್ತಿದ್ದರು.

“ನಮಗೂ ಅದಕ್ಕೂ ಏನು ಸಂಬಂಧ ಚಿಕ್ಕಮ್ಮ?” ಎಂದು ಕೇಳಿದಳು. ಸಂಬಂಧ ಇದೆ. ಚಿತ್ರದುರ್ಗ, ದಾವಣಗೆರೆ ಎಲ್ಲ ಸೇರಿದ್ದ ಮೈಸೂರು ಸೀಮೆಯ ಮಹಾರಾಜ ಜಯಚಾಮರಾಜೇಂದ್ರ ಒಡೆಯರ್ ಲಂಡನ್ನಿನ ಫಿಲ್‌ಹಾರ್ಮೋನಿಯಾ ಕಛೇರಿ ಸಂಘಕ್ಕೆ ಮೊದಲ ಅಧ್ಯಕ್ಷರಾಗಿದ್ದರು. ರಿಚರ್ಡ್ ಸ್ಟ್ರಾಸ್ ತನ್ನ ಕೊನೆಗಾಲದಲ್ಲಿ ಬರೆದ ನಾಲ್ಕು ಹಾಡುಗಳು 1950ರ ಮೇ 22ರಂದು ಲಂಡನ್ನಿನಲ್ಲಿ ಮೊದಲು ಕೇಳಿಸಿದ್ದು ಅವರು ಕೊಟ್ಟ ಹಣದ ಭರವಸೆಯ ಮೇಲೆ. ಇನ್ನೊಂದು ಸಂಬಂಧ ನಾಲಿಗೆಯಲ್ಲೇ ಇದೆ. ಇಟಾಲಿಯನ್ ಪದಗಳು ಕನ್ನಡದ ಹಾಗೆ ಬಹುತೇಕ ಸ್ವರದಲ್ಲಿ ಮುಗಿಯುತ್ತವೆ. ಅಕ್ಕ, ಅಪ್ಪ, ಹಕ್ಕಿ ಎನ್ನುವಾಗ ನಾವು ಹಾಕುವ ಒತ್ತು ಅವರಲ್ಲೂ ಉಂಟು. ಇಂಗ್ಲಿಷ್ ಮಾತೃಭಾಷೆಯವರು ಇದನ್ನು ಕಷ್ಟಪಟ್ಟು ಕಲಿಯುತ್ತಾರೆ. ಜರ್ಮನ್ನಿನ ತುಟಿ ಚೂಪಾಗಿಸುವ ಸ್ವರಗಳು, ಫ್ರೆಂಚಿನ ಮೂಗಿನ ಸ್ವರಗಳು ನಮಗೆ ಹೊಸವು. ಅವನ್ನು ಗುರುಗಳ ಎದುರು ಕುಳಿತೇ ಕಲಿಯಬೇಕು.

ಅಂಥ ಗುರುಗಳು ದಾವಣಗೆರೆಯಲ್ಲಿ ಸುಲಭವಾಗಿ ಸಿಗುವುದಿಲ್ಲ. ಬೆಂಗಳೂರಿನಲ್ಲಿ 1987ರಿಂದ ನಡೆಯುತ್ತಿರುವ ಬೆಂಗಳೂರು ಸ್ಕೂಲ್ ಆಫ್ ಮ್ಯೂಸಿಕ್ ಇದೆ, ಚೆನ್ನೈಯಲ್ಲಿ ಎ.ಆರ್. ರೆಹಮಾನ್ 2008ರಲ್ಲಿ ತೆರೆದ ಸಂಗೀತ ಶಾಲೆ ಇದೆ, ಮುಂಬೈಯಲ್ಲಿ 2006ರಲ್ಲಿ ಹುಟ್ಟಿದ ಸಿಂಫನಿ ವಾದ್ಯವೃಂದ ಇದೆ. ಅವಳಿಗೆ ಇನ್ನೂ ಹತ್ತೊಂಬತ್ತು. ಈ ದನಿಗೆ ಅದು ಮೊಗ್ಗಿನ ವಯಸ್ಸು. ಸದ್ಯಕ್ಕೆ ಡಿಸೆಂಬರ್‌ನಲ್ಲಿ ಅವಳ ವೃಂದ ‘ಮೆಸಾಯ’ದ ಕೆಲವು ಭಾಗಗಳನ್ನು ಹಾಡಲಿದೆ.

ಹೊರಡುವ ದಿನ ಬೆಳಿಗ್ಗೆ ಅವಳೇ ಹಾರ್ಮೋನಿಯಂ ಎಳೆದುಕೊಂಡು ಕುಳಿತಳು. ತನ್ನ ಸಾಲಿನ ಹಾಳೆಯ ಮೇಲೆ ಉಸಿರು ತೆಗೆದುಕೊಳ್ಳುವ ಕಡೆ ಪೆನ್ಸಿಲ್ಲಿನಿಂದ ಗೀಟು ಹಾಕಿಕೊಂಡಿದ್ದಳು. ಮೇಲಿನ ಸೊಪ್ರಾನೊ ಧಾಟಿಯನ್ನು ನನಗೆ ನುಡಿಸಲು ಹೇಳಿದಳು, ಕೆಳಗಿನದನ್ನು ತಾನು ಹಾಡಿದಳು. ಒಂದು ಕಡೆ ನನ್ನ ಸ್ವರ ಅಲುಗದೆ ನಿಂತಿತ್ತು. ಅವಳು ಅದರ ಕೆಳಗೆ ಒಂದು ಮೆಟ್ಟಿಲು ಇಳಿದಳು. ನಾನು ಒತ್ತಿದ್ದ ಅದೇ ಮನೆ ಬೇರೆಯದೇ ಸ್ವರವಾಗಿ ಕೇಳಿಸಿತು. ಇಬ್ಬರೂ ಒಮ್ಮೆಲೇ ನಿಲ್ಲಿಸಿದೆವು. “ಇನ್ನೊಮ್ಮೆ ನುಡಿಸಿ ಚಿಕ್ಕಮ್ಮ” ಎಂದಳು. ರೈಲಿಗೆ ಇನ್ನೂ ಒಂದು ಗಂಟೆ ಇತ್ತು.